ಮಂಗಳೂರಲ್ಲಿ ಇರುವುದೋ, ಹೊರಡುವುದೋ?

ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ಮೊಹಲ್ಲಾಗಳಲ್ಲಿ ಪ್ರತಿ ವರ್ಷ ಒಂದೇ ಮಾತು. ಮಗ್ರಿಬ್ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುವಾಗ ಯಾರಾದರೊಬ್ಬರು ಕೈ ಹಿಡಿದು ನಿಲ್ಲಿಸಿ ಕೇಳುತ್ತಾರೆ, "ಉಸ್ತಾದರೇ, ಮಗನನ್ನು ಬೆಂಗಳೂರಿಗೆ ಕಳಿಸುವುದಾ, ಇಲ್ಲೇ ಇಟ್ಟುಕೊಳ್ಳುವುದಾ?" ಮೊದಲು ಈ ಪ್ರಶ್ನೆ ಬೇರೆ ಇತ್ತು. ಅಂಗಡಿಯಾ, ಗಲ್ಫಾ ಎಂದು ಕೇಳುತ್ತಿದ್ದರು. ಈಗ ಅಂಗಡಿಯ ಮಾತು ಇಲ್ಲ, ಗಲ್ಫಿನ ಮಾತು ಕಡಿಮೆ. ಊರು ಬಿಡುವುದಾ ಬೇಡವಾ ಎಂಬುದೇ ಪ್ರಶ್ನೆ. ಕೇಳುವವರಿಗೆ ಮೆಟ್ಟಿಲ ಮೇಲೆ ನಿಂತು ಎರಡು ಮಾತಲ್ಲಿ ಉತ್ತರ ಕೊಡಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ. 2024ರ ದ್ವಿತೀಯ ಪಿಯುಸಿಯಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೆ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಅಂದರೆ ಮಕ್ಕಳನ್ನು ಓದಿಸುವುದರಲ್ಲಿ ನಮ್ಮ ಕರಾವಳಿಯನ್ನು ಮೀರಿಸುವವರಿಲ್ಲ. ಆದರೆ ಓದಿದ ಮಕ್ಕಳನ್ನು ಇಟ್ಟುಕೊಳ್ಳುವುದರಲ್ಲಿ ನಾವು ಎಷ್ಟನೆಯವರು? ಅದಕ್ಕೆ ಯಾರೂ ಪಟ್ಟಿ ಮಾಡುವುದಿಲ್ಲ. ಮಾಡಿದರೆ ನಮಗೆ ಅಷ್ಟು ಸಂತೋಷವಾಗಲಿಕ್ಕಿಲ್ಲ.

ಮಂಗಳೂರು ದೊಡ್ಡ ಊರಲ್ಲ. 2011ರ ಜನಗಣತಿಯಂತೆ ನಗರದ ಜನಸಂಖ್ಯೆ ಐದು ಲಕ್ಷದ ಹತ್ತಿರ, ಇಡೀ ಜಿಲ್ಲೆಯದ್ದು 20.89 ಲಕ್ಷ. ಆದರೆ ಇಷ್ಟು ಸಣ್ಣ ಊರಿನಲ್ಲಿ ಇಷ್ಟು ಸೌಲಭ್ಯ ಬೇರೆಲ್ಲಿ ಉಂಟು ಹೇಳಿ? ಬಂದರು ಉಂಟು, ವಿಮಾನ ನಿಲ್ದಾಣ ಉಂಟು, ರೈಲು ಉಂಟು. ದೇರಳಕಟ್ಟೆಯ ಒಂದೇ ರಸ್ತೆಯಲ್ಲಿ ಒಂದಕ್ಕಿಂತ ಹೆಚ್ಚು ಮೆಡಿಕಲ್ ಕಾಲೇಜು. ಆಸ್ಪತ್ರೆಯ ಬೆಲೆ ನಮಗೆ ಗೊತ್ತಾಗುವುದು ಅದು ಇಲ್ಲದವರನ್ನು ನೋಡಿದಾಗ. 2020ರ ಮಾರ್ಚಿನಲ್ಲಿ ಕೊರೋನಾ ಎಂದು ತಲಪಾಡಿ ಗಡಿಗೆ ಮಣ್ಣು ಸುರಿದು ರಸ್ತೆ ಮುಚ್ಚಿದಾಗ, ಗಡಿ ದಾಟಲಾಗದೆ ಕಾಸರಗೋಡಿನ ರೋಗಿಗಳು ಪ್ರಾಣ ಬಿಟ್ಟ ಸುದ್ದಿ ದಿನಾ ಓದಿದೆವು. ಇಲ್ಲಿಂದ ಅರ್ಧ ಗಂಟೆಯ ದಾರಿಯಲ್ಲಿದ್ದವರ ಪಾಡು ಅದು. ನಮ್ಮ ಹಿರಿಯರು ರಾತ್ರಿ ಎದೆ ನೋವು ಎಂದರೆ ಇಪ್ಪತ್ತು ನಿಮಿಷದಲ್ಲಿ ಡಾಕ್ಟರ ಎದುರು ಇರುತ್ತಾರೆ. ಇದು ಸಣ್ಣ ಲಾಭವಲ್ಲ.

ಎರಡನೆಯ ಲಾಭ ಹಣದಲ್ಲಿ ಅಳೆಯುವಂಥದ್ದಲ್ಲ. ಇಲ್ಲಿ ಮನುಷ್ಯ ಮನುಷ್ಯನಿಗೆ ಗೊತ್ತಿರುತ್ತಾನೆ. ಒಂದು ಮನೆಯಲ್ಲಿ ಮರಣವಾದರೆ ಅರ್ಧ ಗಂಟೆಯೊಳಗೆ ಮಯ್ಯಿತ್ ಸ್ನಾನಕ್ಕೆ ಜನ ಬಂದಿರುತ್ತಾರೆ, ಖಬರ್ ತೋಡಲು ಯುವಕರು ಹಾರೆ ಹಿಡಿದಿರುತ್ತಾರೆ, ಮೂರು ದಿನ ಆ ಮನೆಯ ಒಲೆ ಉರಿಯದಂತೆ ನೆರೆಯವರು ಅನ್ನ ತರುತ್ತಾರೆ. ರಾತ್ರಿ ಎರಡು ಗಂಟೆಗೆ ರಕ್ತ ಬೇಕು ಎಂದು ಗ್ರೂಪಿನಲ್ಲಿ ಹಾಕಿದರೆ ಎರಡೂವರೆಗೆ ಬೈಕ್ ಆಸ್ಪತ್ರೆಯ ಗೇಟಿನಲ್ಲಿ ನಿಂತಿರುತ್ತದೆ. ರಕ್ತ ಕೊಡುವವನ ಜಾತಿಯನ್ನು ಬೆಡ್ಡಿನಲ್ಲಿ ಮಲಗಿದವನು ಕೇಳುವುದಿಲ್ಲ, ರೋಗಿಯ ಜಾತಿಯನ್ನು ಕೊಡುವವನೂ ಕೇಳುವುದಿಲ್ಲ.

ಮೂರನೆಯದು ಭಾಷೆ. ಬ್ಯಾರಿ ಭಾಷೆಗೆ 2009ರಲ್ಲಿ ಸರ್ಕಾರ ಅಕಾಡೆಮಿ ಕೊಟ್ಟಿತು. 'ಬ್ಯಾರಿ' ಸಿನಿಮಾಕ್ಕೆ ಸ್ವರ್ಣಕಮಲ ಬಂತು. ಸಂತೋಷ. ಆದರೆ ಭಾಷೆ ಉಳಿಯುವುದು ಉಮ್ಮನ ಅಡುಗೆ ಕೋಣೆಯಲ್ಲಿ ಮತ್ತು ಬಂದರಿನ ಅಂಗಡಿಯಲ್ಲಿ. ಬೆಂಗಳೂರಿನಲ್ಲಿ ಹುಟ್ಟಿದ ಮಕ್ಕಳು ರಜೆಯಲ್ಲಿ ಬಂದಾಗ ಅಜ್ಜಿ ಬ್ಯಾರಿಯಲ್ಲಿ ಕೇಳುತ್ತಾರೆ, ಮೊಮ್ಮಗು ಇಂಗ್ಲಿಷಿನಲ್ಲಿ ಉತ್ತರಿಸುತ್ತದೆ. ಮಧ್ಯೆ ಸೊಸೆ ನಿಂತು ತರ್ಜುಮೆ ಮಾಡಬೇಕು.

ಇಷ್ಟೆಲ್ಲ ಒಳ್ಳೆಯದಿದ್ದರೂ ಮಕ್ಕಳು ಯಾಕೆ ಹೋಗುತ್ತಾರೆ? ನನಗೆ ಕಾಣುವ ಕಾರಣ ಮೂರು.

ಒಂದು, ಕೆಲಸ. ನವಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಯಾಯಿತು. ಬಂದರಿಗಾಗಿ ಮನೆ, ಗದ್ದೆ ಬಿಟ್ಟವರು ಕಾಟಿಪಳ್ಳ, ಕೃಷ್ಣಾಪುರಕ್ಕೆ ಬಂದು ನೆಲೆಸಿದರು. ಆಮೇಲೆ ತೈಲ ಶುದ್ಧೀಕರಣ ಘಟಕ ಬಂತು, ಐಟಿ ಕಂಪನಿಗಳ ಕ್ಯಾಂಪಸ್ ಬಂತು. ಆದರೆ ನಮ್ಮ ಜಿಲ್ಲೆಯ ಕಾಲೇಜುಗಳಿಂದ ವರ್ಷ ವರ್ಷ ಹೊರಬರುವ ಹುಡುಗ ಹುಡುಗಿಯರಿಗೆ ಅದು ಸಾಲುವುದಿಲ್ಲ. ನಮ್ಮ ಸಮುದಾಯದ ಹಳೆಯ ಕಸುಬುಗಳ ಕಥೆ ಎಲ್ಲರಿಗೂ ಗೊತ್ತು. ಮೀನಿನ ದಕ್ಕೆಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಆ ಎರಡು ತಿಂಗಳು ದಿನಗೂಲಿಯವನಿಗೆ ಸಾಲವೇ ಗತಿ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ನಮ್ಮಲ್ಲಿ ಎಷ್ಟೋ ಮಂದಿ. ಆ ಮಕ್ಕಳು ಬೀಡಿ ಕಟ್ಟುವುದಿಲ್ಲ, ಕಟ್ಟಲೂಬಾರದು.

ಈ ಕೊರತೆಯನ್ನು ನಲವತ್ತು ವರ್ಷ ಮುಚ್ಚಿದ್ದು ಗಲ್ಫ್. 2006ರಲ್ಲಿ ಬಜಪೆಯಿಂದಲೇ ದುಬೈಗೆ ವಿಮಾನ ಶುರುವಾದಾಗ ನಮ್ಮವರಿಗೆ ಮನೆ ಬಾಗಿಲಿಗೆ ಬಸ್ ಬಂದಂತಾಯಿತು. ಅದೇ ದಾರಿಯಲ್ಲಿ 2010ರ ಮೇ 22ರಂದು 158 ಮಂದಿಯನ್ನು ಕಳಕೊಂಡೆವು. ಆ ದಿನ ಕಣ್ಣೀರು ಹಾಕದ ಮೊಹಲ್ಲಾ ಈ ಜಿಲ್ಲೆಯಲ್ಲಿ ಇರಲಿಲ್ಲ. ಆಮೇಲೆ ಗಲ್ಫಿನ ಕಾಲವೂ ಬದಲಾಯಿತು. ಸೌದಿಯಲ್ಲಿ 2017ರ ಜುಲೈಯಿಂದ ವಿದೇಶಿ ಕಾರ್ಮಿಕನ ಹೆಂಡತಿ ಮಕ್ಕಳಿಗೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು, ಅದು ವರ್ಷಕ್ಕೆ ನೂರರಂತೆ ಏರಿ 2020ಕ್ಕೆ 400 ಆಯಿತು. ಐದು ಜನರ ಕುಟುಂಬ ಇಟ್ಟುಕೊಂಡವನು ಎಂತ ಮಾಡುವುದು? ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದ. ನಮ್ಮ ಮದ್ರಸದ ಪೋಷಕರ ಸಭೆಗೆ ಬಂದು ನೋಡಿ, ಉಮ್ಮಂದಿರೇ ತುಂಬಿರುತ್ತಾರೆ. ಬಾಪಂದಿರು ಮೊಬೈಲಿನ ವೀಡಿಯೊದಲ್ಲಿ ಇರುತ್ತಾರೆ.

ಎರಡನೆಯ ಕಾರಣ ಹೆದರಿಕೆ. ಇದನ್ನು ಯಾರೂ ದೊಡ್ಡದಾಗಿ ಹೇಳುವುದಿಲ್ಲ, ಮೆಟ್ಟಿಲ ಮೇಲೆ ಮೆಲ್ಲಗೆ ಹೇಳುತ್ತಾರೆ. 2022ರ ಜುಲೈಯಲ್ಲಿ ಹತ್ತು ದಿನಗಳ ಅಂತರದಲ್ಲಿ ಜಿಲ್ಲೆಯಲ್ಲಿ ಮೂವರು ಯುವಕರ ಕೊಲೆಯಾಯಿತು. 2025ರ ಏಪ್ರಿಲ್ ಕೊನೆಯಿಂದ ಮೇ ಕೊನೆಯೊಳಗೆ ಮತ್ತೆ ಮೂವರು. ಸತ್ತವರಲ್ಲಿ ಮುಸ್ಲಿಮರೂ ಇದ್ದರು, ಹಿಂದೂಗಳೂ ಇದ್ದರು. ಆ ಜೂನಿನಲ್ಲಿ ಸರ್ಕಾರ ಕೋಮು ಹಿಂಸೆ ತಡೆಯಲೆಂದೇ ವಿಶೇಷ ಕಾರ್ಯಪಡೆ ಮಾಡಿತು. ಅಂಥ ಪಡೆ ಬೇಕಾಗಿ ಬಂದದ್ದೇ ನಮ್ಮೆಲ್ಲರಿಗೆ ತಲೆ ತಗ್ಗಿಸುವ ವಿಷಯ.

ದೊಡ್ಡ ಊರಲ್ಲಿ ಒಂದು ಬಡಾವಣೆಯ ಗಲಾಟೆ ಇನ್ನೊಂದು ಬಡಾವಣೆಗೆ ಗೊತ್ತಾಗುವುದಿಲ್ಲ. ಇಲ್ಲಿ ಹಾಗಲ್ಲ. ಸುರತ್ಕಲ್‌ನಲ್ಲಿ ಏನಾದರೂ ಆದರೆ ಐದು ನಿಮಿಷದಲ್ಲಿ ತೊಕ್ಕೊಟ್ಟಿನಲ್ಲಿ ಅಂಗಡಿ ಬಾಗಿಲು ಎಳೆಯುತ್ತಾರೆ. ರಿಕ್ಷಾದವನ ಬಾಡಿಗೆ ಹೋಯಿತು, ಹೋಟೆಲಿನವನ ಅನ್ನ ಹಳಸಿತು. ಕಾಲೇಜಿನ ಹುಡುಗ ಸಹಪಾಠಿ ಹುಡುಗಿಯ ಜತೆ ಬಸ್ ಸ್ಟಾಂಡಿನಲ್ಲಿ ನಾಲ್ಕು ಮಾತಾಡಿದರೆ ಯಾರೋ ಬಂದು ಹೆಸರು ಕೇಳುವ ಊರು ಇದು. ಒಬ್ಬ ತಾಯಿ ನನ್ನ ಹತ್ತಿರ ಹೇಳಿದ್ದು ಇಷ್ಟೇ, "ಸಂಬಳ ಕಡಿಮೆ ಆದರೂ ಸಾಕು ಉಸ್ತಾದ್, ನನಗೆ ರಾತ್ರಿ ನಿದ್ದೆ ಬರಬೇಕು." ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಮೇಲೆ ನಾನು ಹೊಗಳಿದ ಗುಣವೇ ಇಲ್ಲಿ ತಿರುಗಿ ಬೀಳುತ್ತದೆ ನೋಡಿ. ಎಲ್ಲರಿಗೂ ಎಲ್ಲರ ಗುರುತು ಇರುವುದರಿಂದಲೇ ಮಯ್ಯಿತ್‌ಗೆ ಜನ ಸೇರುತ್ತಾರೆ. ಅದೇ ಗುರುತಿನಿಂದ ಹುಡುಗನ ಹೆಸರು ಹಿಡಿದು ಬೆನ್ನು ಹತ್ತುವವರೂ ಸಿಗುತ್ತಾರೆ. ಇದರಲ್ಲಿ ನಮ್ಮವರ ಪಾಲು ಏನೂ ಇಲ್ಲ ಎಂದು ಹೇಳಿದರೆ ಅದು ಸುಳ್ಳು. ಖಚಿತವಿಲ್ಲದ ಆಡಿಯೋವನ್ನು ಹತ್ತು ಗ್ರೂಪಿಗೆ ಕಳಿಸುವವರು ನಮ್ಮ ಸಫ್‌ನಲ್ಲೂ ಉಂಟು. ಗಾಂಜಾ, ಎಂಡಿಎಂಎ ಎಂದು ಹಾಳಾಗುತ್ತಿರುವ ಹುಡುಗರು ನಮ್ಮ ಬೀದಿಯಲ್ಲೂ ಉಂಟು. ಇನ್ನೊಂದು ಮಾತನ್ನೂ ಮರೆಯಬಾರದು. ಮಕ್ಕಳನ್ನು ಹೊರಗೆ ಕಳಿಸುವವರು ನಾವು ಮಾತ್ರ ಅಲ್ಲ. ನೆರೆಮನೆಯ ಬಂಟರ, ಕೊಂಕಣಿಯವರ, ಕ್ರೈಸ್ತರ ಮಕ್ಕಳೂ ಮುಂಬೈ, ಬೆಂಗಳೂರು, ಕೆನಡಾ ಎಂದು ಹೋಗಿದ್ದಾರೆ. ದೊಡ್ಡ ದೊಡ್ಡ ಮನೆಗಳಲ್ಲಿ ಇಬ್ಬರೇ ಮುದುಕರು.

ಮೂರನೆಯ ಕಾರಣ ನೆಲ. ಊರು ಸಣ್ಣದು, ಒಂದು ಕಡೆ ಕಡಲು, ಇನ್ನೊಂದು ಕಡೆ ಗುಡ್ಡ. ಗಲ್ಫಿನ ಹಣ ಹೆಚ್ಚಾಗಿ ಬಂದು ಸೇರಿದ್ದು ಮಣ್ಣಿಗೆ. ಸಮತಟ್ಟು ಜಾಗದ ರೇಟು ಕೈಗೆ ಎಟಕದಾದಾಗ ಗುಡ್ಡ ಕಡಿದು ಐದೈದು ಸೆಂಟ್ಸ್ ಸೈಟು ಮಾಡಿದರು. ಮಳೆ ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗಿಂತ ಹೆಚ್ಚು. ಕಡಿದ ಗುಡ್ಡಕ್ಕೆ ಆ ನೀರು ಇಳಿದರೆ ಏನಾಗುತ್ತದೆ ಎಂದು 2025ರ ಮೇ ಕೊನೆಯಲ್ಲಿ ಮಂಜನಾಡಿ, ಬೆಳ್ಮ ಕಡೆ ನೋಡಿದೆವು. ಮಲಗಿದ್ದ ಮಕ್ಕಳ ಮೇಲೆ ಮನೆ ಬಿತ್ತು. ಉಳ್ಳಾಲ, ಉಚ್ಚಿಲದಲ್ಲಿ ಪ್ರತಿ ಮಳೆಗಾಲ ಕಡಲು ಮನೆಯಂಗಳಕ್ಕೆ ಬರುತ್ತದೆ, ಕಲ್ಲು ಹಾಕುತ್ತಾರೆ, ಕಲ್ಲು ಹೋಗುತ್ತದೆ. ಇಷ್ಟು ಮಳೆ ಬಿದ್ದೂ 2016ರಲ್ಲಿ, 2019ರಲ್ಲಿ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು ನಗರಕ್ಕೆ ಸರದಿಯಂತೆ ನೀರು ಬಿಡಬೇಕಾಯಿತು.

ಹಾಗಾದರೆ ಬೆಂಗಳೂರು ಸ್ವರ್ಗವಾ? ಅದೂ ಅಲ್ಲ. ಸಂಬಳದ ಮೂರನೇ ಒಂದು ಪಾಲು ಬಾಡಿಗೆಗೆ, ದಿನದ ಎರಡು ಮೂರು ಗಂಟೆ ಟ್ರಾಫಿಕ್ಕಿಗೆ. ಇಲ್ಲಿಂದ 350 ಕಿಲೋಮೀಟರ್, ಒಂದು ರಾತ್ರಿಯ ಬಸ್ಸು. ಅದು ಶಿರಾಡಿ ಘಾಟ್ ತೆರೆದಿದ್ದರೆ. ಮಳೆಗಾಲದಲ್ಲಿ ಗುಡ್ಡ ಜರಿದು ಘಾಟ್ ಬಂದಾದ ದಿನ ಬಾಪನ ಮಯ್ಯಿತ್‌ಗೆ ತಲುಪದೆ ದಾರಿಯಲ್ಲೇ ಜನಾಝ ನಮಾಝಿನ ಸಮಯ ಕಳೆದವರ ಸಂಕಟ ಕೇಳಿದ್ದೇನೆ. ಫೋನಿನಲ್ಲಿ ಅವನು ಅಳುವುದು ಕೇಳುವಾಗ ಅವನ ಪ್ಯಾಕೇಜ್ ಎಷ್ಟು ಎಂದು ಯಾರಿಗೂ ನೆನಪಾಗುವುದಿಲ್ಲ.

ಊರು ಬಿಡುವುದು ನಮ್ಮ ದೀನಿನಲ್ಲಿ ತಪ್ಪಲ್ಲ. ಪ್ರವಾದಿ (ಸ.ಅ.) ಅವರು ಪ್ರೀತಿಯ ಮಕ್ಕಾವನ್ನು ಹಿಂತಿರುಗಿ ನೋಡುತ್ತಲೇ ಹೊರಟವರು. ಆದರೆ ಮದೀನಾ ತಲುಪಿದ ಮೇಲೆ ಅವರು ಮಾಡಿದ ಕೆಲಸಗಳನ್ನು ನಾವು ಮಕ್ಕಳಿಗೆ ಪೂರ್ತಿ ಕಲಿಸುವುದಿಲ್ಲ ಎಂದು ನನಗೆ ಅನಿಸುತ್ತದೆ. ಮಸೀದಿ ಕಟ್ಟಿದರು ಎಂದು ಕಲಿಸುತ್ತೇವೆ. ಮುಹಾಜಿರರು, ಅನ್ಸಾರಿಗಳ ಮಧ್ಯೆ ಸಹೋದರತೆ ಬೆಸೆದರು ಎಂದು ಕಲಿಸುತ್ತೇವೆ. ಊರಿನ ಬೇರೆ ಧರ್ಮದವರ ಜತೆ ಒಪ್ಪಂದ ಮಾಡಿಕೊಂಡರು ಎಂಬುದನ್ನು ಬೇಗ ಬೇಗ ಹೇಳಿ ಮುಗಿಸುತ್ತೇವೆ. ಅಲ್ಲೊಂದು ಸಂತೆಯನ್ನೂ ಸ್ಥಾಪಿಸಿದರು ಎಂಬುದನ್ನು ಹೆಚ್ಚಿನವರು ಹೇಳುವುದೇ ಇಲ್ಲ. ಒಂದು ಊರು ಊರಾಗಿ ನಿಲ್ಲಲು ಈ ನಾಲ್ಕೂ ಬೇಕು.

ನಮ್ಮ ಮಂಗಳೂರಿಗೆ ಈ ಅಳತೆ ಇಟ್ಟು ನೋಡಿ. ಮಸೀದಿಗಳಿಗೆ ಕೊರತೆ ಇಲ್ಲ. ನಮ್ಮೊಳಗಿನ ಸಹಾಯಕ್ಕೂ ಕೊರತೆ ಇಲ್ಲ, ಮದುವೆಗೆ, ಆಸ್ಪತ್ರೆಗೆ, ಮನೆ ಕಟ್ಟಲು ಕೊಡುವ ಕೈಗಳು ಉಂಟು. ಕೊರತೆ ಇರುವುದು ಸಂತೆಯಲ್ಲಿ ಮತ್ತು ಒಪ್ಪಂದದಲ್ಲಿ, ಅಂದರೆ ಕೆಲಸದಲ್ಲಿ ಮತ್ತು ನೆರೆಯವರ ಜತೆಗಿನ ವಿಶ್ವಾಸದಲ್ಲಿ. ಮಕ್ಕಳು ಬಿಟ್ಟು ಹೋಗುತ್ತಿರುವುದೂ ಮುಖ್ಯವಾಗಿ ಈ ಎರಡು ಕಾರಣಕ್ಕೇ.

ಎಲ್ಲವನ್ನೂ ಸರ್ಕಾರವೇ ಮಾಡಬೇಕೆಂದು ಕೂರಲು ಆಗುವುದಿಲ್ಲ. ಜಮಾಅತ್‌ಗಳ ಕೈಯಲ್ಲಿ ಇರುವುದನ್ನು ಹೇಳುತ್ತೇನೆ. ಎಷ್ಟೋ ಮಸೀದಿಗಳಿಗೆ ರಸ್ತೆ ಬದಿಯಲ್ಲಿ ಬಾಡಿಗೆ ಕೋಣೆಗಳಿವೆ. ಅದರಲ್ಲಿ ಒಂದನ್ನು ಹೊಸದಾಗಿ ವ್ಯಾಪಾರ ಶುರು ಮಾಡುವ ಹುಡುಗನಿಗೆ ಎರಡು ವರ್ಷ ಕಡಿಮೆ ಬಾಡಿಗೆಗೆ ಕೊಡಬಹುದು. ಒಂದು ಕೋಣೆಗೆ ಒಳ್ಳೆಯ ಇಂಟರ್ನೆಟ್ ಹಾಕಿಸಿದರೆ ಬೆಂಗಳೂರಿನ ಕಂಪನಿಗೆ ಇಲ್ಲಿಂದಲೇ ಕೆಲಸ ಮಾಡುವವರು ಕೂರಬಹುದು. ಗಲ್ಫಿನಿಂದ ಮರಳಿದವರಲ್ಲಿ ಎಸಿ ಮೆಕ್ಯಾನಿಕ್‌ನಿಂದ ಹಿಡಿದು ಅಕೌಂಟೆಂಟ್ ವರೆಗೆ ಇಪ್ಪತ್ತು ವರ್ಷದ ಅನುಭವ ಇರುವವರಿದ್ದಾರೆ. ಮೊಹಲ್ಲಾದಲ್ಲಿ ಯಾರಿಗೆ ಏನು ಗೊತ್ತು ಎಂಬ ಪಟ್ಟಿ ನಮ್ಮ ಹತ್ತಿರ ಇಲ್ಲ, ಯಾರು ಎಷ್ಟು ವರಿ ಬಾಕಿ ಇಟ್ಟಿದ್ದಾರೆ ಎಂಬ ಪಟ್ಟಿ ಮಾತ್ರ ಉಂಟು. ಡಿಗ್ರಿ ಮಾಡಿ ಮನೆಯಲ್ಲಿ ಕೂತ ಹೆಣ್ಣುಮಕ್ಕಳ ವಿಷಯದಲ್ಲೂ ಇದೇ ಮಾತು. ಅವರು ಊರು ಬಿಟ್ಟು ಹೋಗುವುದಿಲ್ಲ. ಊರಲ್ಲಿ ಕೆಲಸ ಸಿಕ್ಕಿದರೆ ಮೊದಲ ಲಾಭ ಅವರಿಗೇ.

ನೆರೆಯವರ ವಿಷಯಕ್ಕೆ ಸಮಿತಿ, ಸಮಾವೇಶ ಬೇಡ. ಗಲಾಟೆಯಾದ ಮೇಲೆ ನಡೆಯುವ ಶಾಂತಿ ಸಭೆಯಲ್ಲಿ ಮೊದಲ ಸಲ ಮುಖ ನೋಡಿಕೊಂಡರೆ ಪ್ರಯೋಜನವಿಲ್ಲ. ಗುಡ್ಡ ಜರಿದಾಗ, ಕಡಲು ಉಕ್ಕಿದಾಗ, ನೀರು ನಿಂತಾಗ ಒಟ್ಟಿಗೆ ಹಾರೆ ಹಿಡಿದವರ ನಡುವೆ ವಾಟ್ಸ್ಆ್ಯಪ್ ಸುಳ್ಳು ಅಷ್ಟು ಸುಲಭವಾಗಿ ನುಗ್ಗುವುದಿಲ್ಲ.

ಮೆಟ್ಟಿಲ ಮೇಲೆ ಕೇಳಿದ ಬಾಪನಿಗೆ ನನ್ನ ಉತ್ತರ ಇದು: ಮಗ ಕಲಿಯಲು ಹೋಗುವುದಾದರೆ ದುಆ ಮಾಡಿ ಕಳಿಸಿ. ಕಲಿತ ಮೇಲೆ ಅಲ್ಲಿ ಒಳ್ಳೆಯದಾದರೆ ಅಲ್ಲೇ ಇರಲಿ. ಆದರೆ ಹೆದರಿ ಹೋಗಬೇಕಾಗಿ ಬರಬಾರದು, ಮತ್ತು ಬರುತ್ತೇನೆ ಎಂದಾಗ ಇಲ್ಲಿ ಅವನಿಗೊಂದು ಕೆಲಸ ಇರಬೇಕು. ಆ ಎರಡರ ಜವಾಬ್ದಾರಿ ಹುಡುಗನದ್ದಲ್ಲ, ಊರಲ್ಲಿ ಉಳಿದಿರುವ ನಮ್ಮದು.