ಸರ್ವಜನರ ಹೈಸ್ಕೂಲು

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಸರ್ಕಾರಿ ಹೈಸ್ಕೂಲುಗಳ ಹಾಜರಿ ಪುಸ್ತಕಗಳನ್ನು ತೆರೆದು ನೋಡುವವರಿಗೆ ಈ ಸೀಮೆಯ ಜನಗಣತಿಯ ವರದಿಯನ್ನು ಬೇರೆಯಾಗಿ ಓದುವ ಅವಶ್ಯಕತೆಯು ಅಷ್ಟಾಗಿ ತೋರಲಾರದು. ಲಿಂಗಾಯತರು, ಉಪ್ಪಾರರು, ನಾಯಕರು, ಆದಿಕರ್ನಾಟಕರು, ಮುಸಲ್ಮಾನರು, ಇವರ ಮಕ್ಕಳ ಹೆಸರುಗಳೊಡನೆ ಪುಣಜನೂರು, ಕೆ. ಗುಡಿಗಳ ಕಡೆಯ ಪೋಡುಗಳ ಸೋಲಿಗರ ಮಕ್ಕಳ ಹೆಸರುಗಳೂ, ಬಂಡೀಪುರದ ಅಂಚಿನ ಹಾಡಿಗಳ ಜೇನುಕುರುಬರ ಮಕ್ಕಳ ಹೆಸರುಗಳೂ ಅಲ್ಲಲ್ಲಿ ಕಾಣುವುವು. ಮನೆಯಲ್ಲಿ ಉರ್ದು ಆಡುವವನು, ತಮಿಳು ಆಡುವವನು, ಸೋಲಿಗರ ನುಡಿಯನ್ನಾಡುವವನು, ಎಲ್ಲರೂ ಒಂದೇ ಕನ್ನಡ ಪಠ್ಯಪುಸ್ತಕವನ್ನು ಬಿಚ್ಚಿಕೊಂಡು ಕುಳಿತಿರುವರು. 2011ರ ಗಣತಿಯ ಪ್ರಕಾರ ಈ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು 25 ಮಂದಿ ಪರಿಶಿಷ್ಟ ಜಾತಿಯವರು, ಸುಮಾರು 12 ಮಂದಿ ಪರಿಶಿಷ್ಟ ಪಂಗಡದವರು. ಇಷ್ಟು ಬಗೆಯ ಜನರು ದಿನವೂ ಒಂದೇ ಮಾಡಿನ ಕೆಳಗೆ ಐದಾರು ಗಂಟೆಗಳ ಕಾಲ ಕೂಡಿ ಇರುವ ಸ್ಥಳವು ಈ ಸೀಮೆಯಲ್ಲಿ ಮತ್ತೊಂದುಂಟೆ? ಸಂತೆಯಲ್ಲಿ ಕೂಡುವರು, ಆದರೆ ವ್ಯಾಪಾರ ಮುಗಿದೊಡನೆ ಚದುರುವರು. ದೇವಸ್ಥಾನದ ಮಾತನ್ನು ಎತ್ತದಿರುವುದೇ ಲೇಸು.

ಈ ಕೂಟವು ತಾನಾಗಿ ಆದುದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1915ರಲ್ಲಿ ಮೈಸೂರು ಸರ್ಕಾರವು ಜಾತಿಯ ಕಾರಣದಿಂದ ಯಾರಿಗೂ ಸರ್ಕಾರಿ ಶಾಲೆಯ ಪ್ರವೇಶವನ್ನು ನಿರಾಕರಿಸಕೂಡದೆಂದು ಆಜ್ಞೆಮಾಡಿತು. ಮೇಲುಜಾತಿಯವರೆನಿಸಿಕೊಂಡವರು ಆಗ ಇದನ್ನು ಪ್ರತಿಭಟಿಸದೆ ಇರಲಿಲ್ಲ. ಸರ್ಕಾರವು ಹಿಂದೆಗೆಯಲಿಲ್ಲ.

ಅಂದಿನಿಂದ ನೂರಹತ್ತು ವರ್ಷಗಳು ಸಂದ ಮೇಲೆ, 2025ರ ಜೂನ್ ತಿಂಗಳಲ್ಲಿ, ಚಾಮರಾಜನಗರ ತಾಲ್ಲೂಕಿನ ಹೊಮ್ಮ ಗ್ರಾಮದ ಸರ್ಕಾರಿ ಪ್ರಾಥಮಿಕ ಶಾಲೆಯಿಂದ ಪೋಷಕರು ತಮ್ಮ ಮಕ್ಕಳನ್ನು ಬಿಡಿಸಿಕೊಂಡರೆಂಬ ವರ್ತಮಾನವು ನಾಡಿನ ಪತ್ರಿಕೆಗಳಲ್ಲೆಲ್ಲ ಪ್ರಕಟವಾಯಿತು. ಬಿಸಿಯೂಟದ ಅಡಿಗೆಯ ಕೆಲಸಕ್ಕೆ ದಲಿತ ಸ್ತ್ರೀಯೊಬ್ಬರು ನೇಮಕವಾದುದೇ ಇದಕ್ಕೆ ಕಾರಣವೆಂದು ಆ ವರದಿಗಳು ಹೇಳಿದುವು. ಪೋಷಕರಲ್ಲಿ ಕೆಲವರು ಪಾಠವು ಚೆನ್ನಾಗಿ ನಡೆಯದುದೇ ಕಾರಣವೆಂದರು. ಅಧಿಕಾರಿಗಳು ಗ್ರಾಮಕ್ಕೆ ಹೋಗಿ ಸಮಾಧಾನ ಹೇಳಿದರು. ನಮ್ಮ ದೃಷ್ಟಿಯಲ್ಲಿ ಈ ಎರಡು ಕಾರಣಗಳೂ ಒಂದರ ಬೆನ್ನಿಗೆ ಒಂದು ಅಂಟಿಕೊಂಡಿರುವುವು. ಪಾಠವು ಕೆಟ್ಟ ಶಾಲೆಯನ್ನು ಬಿಟ್ಟುಹೋಗಲು ಸಭ್ಯವಾದ ನೆಪವು ಸುಲಭವಾಗಿ ಸಿಕ್ಕುವುದು. ಆ ನೆಪದ ಹಿಂದೆ ಇನ್ನೇನನ್ನು ಬೇಕಾದರೂ ಅಡಗಿಸಬಹುದು. ಪಾಠವು ನೆಟ್ಟಗಿದ್ದರೆ ಅಡಗಲು ಎಡೆಯಿರುವುದಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಹೀಗೆ ಬೇರೆಯಾದ ಮಕ್ಕಳು ಹೈಸ್ಕೂಲಿನಲ್ಲಿ ಒಟ್ಟುಗೂಡುವರೆಂದು ಯಾರು ನಂಬಿಯಾರು?

ಅಮೆರಿಕಾ ದೇಶದ ಅನುಭವವು ಇಲ್ಲಿ ವಿಚಾರಯೋಗ್ಯವಾಗಿದೆ. ಕರಿಯರನ್ನೂ ಬಿಳಿಯರನ್ನೂ ಬೇರೆಬೇರೆ ಶಾಲೆಗಳಲ್ಲಿ ಇಡುವುದು ಶಾಸನವಿರುದ್ಧವೆಂದು ಅಲ್ಲಿನ ಪರಮೋಚ್ಚ ನ್ಯಾಯಾಲಯವು 1954ರಲ್ಲಿ ತೀರ್ಪಿತ್ತಿತು. 1957ರಲ್ಲಿ ಲಿಟಲ್ ರಾಕ್ ನಗರದ ಹೈಸ್ಕೂಲಿಗೆ ಒಂಬತ್ತು ಮಂದಿ ಕರಿಯ ವಿದ್ಯಾರ್ಥಿಗಳನ್ನು ಸೇರಿಸಲು ಅಧ್ಯಕ್ಷ ಐಸೆನ್‌ಹೋವರರು ಸೈನ್ಯವನ್ನೇ ಕಳುಹಿಸಬೇಕಾಯಿತು. ಬಾಗಿಲೇನೋ ತೆರೆಯಿತು, ಆದರೆ ಮುಂದಿನ ವರ್ಷಗಳಲ್ಲಿ ಅನೇಕ ನಗರಗಳ ಬಿಳಿಯರು ತಾವೇ ಊರ ಹೊರಗಿನ ಬಡಾವಣೆಗಳಿಗೂ ಖಾಸಗಿ ಶಾಲೆಗಳಿಗೂ ಸರಿದುಬಿಟ್ಟರು. ಯಾವ ಸೈನ್ಯವೂ ಅದನ್ನು ತಡೆಯುವಂತಿರಲಿಲ್ಲ. ನಮ್ಮ ಪೇಟೆಗಳ ಬೀದಿಗಳಲ್ಲಿ ಬೆಳಗಾದರೆ ಓಡಾಡುವ ಖಾಸಗಿ ಶಾಲೆಗಳ ಹಳದಿ ಬಸ್ಸುಗಳನ್ನು ನೋಡಿದರೆ ಈ ಮಾತಿನ ಅರ್ಥವಾಗುವುದು. ಅನುಕೂಲಸ್ಥರಲ್ಲಿ ಅನೇಕರು ಸರ್ಕಾರಿ ಹೈಸ್ಕೂಲನ್ನು ಆಗಲೇ ಬಿಟ್ಟಿರುವರು.

ಇದು ಒಂದು ತುದಿಯ ಕಥೆ. ಮತ್ತೊಂದು ತುದಿಯಲ್ಲಿ ಶಾಲೆಯನ್ನು ಬಿಡುತ್ತಿರುವವರು ಗಿರಿಜನರು. ಅವರು ಬಿಟ್ಟು ಹೋಗುವುದು ಬೇರೆ ಶಾಲೆಗಲ್ಲ, ಕೂಲಿಗೆ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಮಾತ್ರವೇ ಅನ್ವಯಿಸುವುದು. ನಮ್ಮ ಹೈಸ್ಕೂಲು ಆರಂಭವಾಗುವುದು ಎಂಟನೆಯ ತರಗತಿಯಿಂದ. ಎಂದರೆ ಹುಡುಗನು ಹೈಸ್ಕೂಲಿನ ಹೊಸಲನ್ನು ದಾಟಿ ಒಂದು ವರ್ಷವಾಗುವಷ್ಟರಲ್ಲಿ ಕಾಯಿದೆಯು ಅವನ ಕೈಯನ್ನು ಬಿಡುವುದು. ತಂದೆತಾಯಿಗಳು ಕೊಡಗಿನ ಕಾಫಿ ತೋಟಗಳಿಗೋ ಕೇರಳದ ಶುಂಠಿ ಹೊಲಗಳಿಗೋ ಹೋಗುವಾಗ ಹದಿನಾಲ್ಕು ವರ್ಷದ ಹುಡುಗನು ಅರ್ಧ ಆಳಿಗೆ ಸಮನಾಗಿರುವನು. ಹುಡುಗಿಯು ತಂಗಿತಮ್ಮಂದಿರನ್ನು ನೋಡಿಕೊಳ್ಳಬೇಕು, ಅಥವಾ ಅವಳ ಮದುವೆಯ ಮಾತೇ ಆರಂಭವಾಗಿರುವುದು. ಪೋಡಿನಿಂದ ಹೈಸ್ಕೂಲಿಗೆ ಇರುವ ದಾರಿಯು ಕಾಡಿನ ನಡುವೆ ಇರುವುದು. ಆನೆಯು ದಾರಿಗಡ್ಡ ನಿಂತಿದ್ದುದರಿಂದ ಬರಲಾಗಲಿಲ್ಲವೆಂದು ಬಾಲಕನು ಹೇಳಿದರೆ ಪಟ್ಟಣದ ಉಪಾಧ್ಯಾಯರು ನಗಬಹುದು. ಅದು ಸುಳ್ಳಲ್ಲ.

ಗಿರಿಜನರಿಗೆ ಪ್ರತ್ಯೇಕ ಆಶ್ರಮ ಶಾಲೆಗಳೇ ಸಾಕೆಂದು ಹೇಳುವವರುಂಟು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾಕ್ಟರ್ ಎಚ್. ಸುದರ್ಶನರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ನಡುವೆಯೇ ಶಾಲೆಯನ್ನು ನಡೆಸಿ ಎಷ್ಟು ಒಳ್ಳೆಯ ಫಲವನ್ನು ಪಡೆಯಬಹುದೆಂಬುದನ್ನು ತೋರಿಸಿದೆ; ಸೋಲಿಗರಲ್ಲಿ ಇಂದು ಪದವೀಧರರೂ ಸಂಶೋಧನೆಯಲ್ಲಿ ಡಾಕ್ಟರೇಟು ಪಡೆದವರೂ ಇರುವರು. ಎಳೆಯ ಮಗುವಿಗೆ ತನ್ನ ನುಡಿಯನ್ನು ಬಲ್ಲ ಉಪಾಧ್ಯಾಯನೂ ತನ್ನವರ ಸನಿಹವೂ ಬೇಕೆಂಬುದನ್ನು ನಾವು ಪೂರ್ಣವಾಗಿ ಒಪ್ಪುವೆವು. ಆದರೆ ಹೈಸ್ಕೂಲಿನ ವಯಸ್ಸಿಗೂ ಇದೇ ನ್ಯಾಯವನ್ನು ವಿಸ್ತರಿಸುವುದು ಸರಿಯಲ್ಲ. ಸೋಲಿಗರ ಹುಡುಗನು ಮುಂದೆ ಅರಣ್ಯ ಇಲಾಖೆಯ ಕಚೇರಿಯಲ್ಲಿಯೋ ನ್ಯಾಯಾಲಯದಲ್ಲಿಯೋ ತನ್ನ ಹಕ್ಕನ್ನು ಕೇಳಬೇಕಾಗುವುದು ಪಟ್ಟಣದವನ ಎದುರಿಗೆ. ಆ ಪಟ್ಟಣದವನು ಅವನ ಪಕ್ಕದಲ್ಲಿ ಮೂರು ವರ್ಷ ಕುಳಿತು ಓದಿದವನಾಗಿದ್ದರೆ ಮಾತಿನ ರೀತಿಯೇ ಬೇರೆಯಾಗುವುದು. ಪ್ರಯೋಜನವು ಗಿರಿಜನರಿಗೆ ಮಾತ್ರವೆಂದು ತಿಳಿಯಕೂಡದು. ಪಟ್ಟಣದವನಿಗೇ ಅದು ಹೆಚ್ಚು.

ನಮ್ಮ ವಾಚಕರಲ್ಲಿ ಅಧಿಕಾರಿಗಳು ಅನೇಕರಿರುವರು. ಸರ್ಕಾರದ ಸಂಬಳವನ್ನು ಪಡೆಯುವವರ ಮಕ್ಕಳು ಸರ್ಕಾರಿ ಶಾಲೆಯಲ್ಲೇ ಓದತಕ್ಕದ್ದೆಂದು ಅಲಹಾಬಾದಿನ ಉಚ್ಚ ನ್ಯಾಯಾಲಯವು 2015ರಲ್ಲಿ ಹೇಳಿದಾಗ ದೇಶವೆಲ್ಲ ಅದನ್ನು ಕೊಂಡಾಡಿ ಸುಮ್ಮನಾಯಿತು. ಅಷ್ಟು ದೊಡ್ಡ ತ್ಯಾಗವನ್ನು ನಾವು ಕೇಳಲು ಹೋಗುವುದಿಲ್ಲ. ನಾವು ಕೇಳುವುದು ಮೂರು ಸಣ್ಣ ಕೆಲಸಗಳನ್ನು. ಎಂಟನೆಯ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತರೆಂಬ ಲೆಕ್ಕವನ್ನು ಪೋಡು ಮತ್ತು ಹಾಡಿಗಳ ವಾರು ಶಿಕ್ಷಣ ಇಲಾಖೆಯು ಪ್ರತಿವರ್ಷವೂ ಪ್ರಕಟಿಸತಕ್ಕದ್ದು; ತಾಲ್ಲೂಕಿನ ಒಟ್ಟು ಲೆಕ್ಕದಲ್ಲಿ ಈ ಮಕ್ಕಳು ಕಾಣದೆ ಹೋಗುವರು. ತಂದೆತಾಯಿಗಳು ಕೂಲಿಗೆ ಹೋಗುವ ತಿಂಗಳುಗಳಲ್ಲಿ ಮಗುವು ಉಳಿಯಲು ಹೈಸ್ಕೂಲಿನ ಸಮೀಪದಲ್ಲೇ ವಿದ್ಯಾರ್ಥಿನಿಲಯದಲ್ಲಿ ಸ್ಥಳವನ್ನು ಕಾದಿರಿಸತಕ್ಕದ್ದು. ಮೂರನೆಯದು, ಕಾಡಂಚಿನ ಊರುಗಳ ಸಂಜೆಯ ಬಸ್ಸು ಶಾಲೆಯ ಕೊನೆಯ ಗಂಟೆ ಬಾರಿಸಿದ ಅರ್ಧ ಘಂಟೆಯೊಳಗೆ, ಕತ್ತಲಾಗುವುದಕ್ಕೆ ಬಹಳ ಮುಂಚೆ, ಹೊರಡುವಂತೆ ಸಾರಿಗೆ ಸಂಸ್ಥೆಯವರು ವೇಳಾಪಟ್ಟಿಯನ್ನು ತಿದ್ದತಕ್ಕದ್ದು. ಇದಕ್ಕೆ ಹೊಸ ಕಾಯಿದೆ ಬೇಡ, ಮಂತ್ರಿಗಳ ಆಗಮನವೂ ಬೇಡ. ಶಾಲೆ ತೆರೆಯುವ ಮುಂಚೆ ಜಿಲ್ಲಾಧಿಕಾರಿಗಳು ಎರಡು ಇಲಾಖೆಯವರನ್ನು ಒಂದು ಮೇಜಿನ ಸುತ್ತ ಕೂರಿಸಿದರೆ ಸಾಕು.