ಕನ್ನಡ ಬಲ್ಲೆವು, ಕನ್ನಡದೊಳಗೆ ಇದ್ದೇವೆಯೇ?

ಕರ್ನಾಟಕದ ಯಾವುದೇ ಪಟ್ಟಣದ ಮುಸ್ಲಿಮ್ ಮೊಹಲ್ಲಾದಲ್ಲಿ ನಿಂತು, ನಿಮಗೆ ಕನ್ನಡ ಬರುತ್ತದೆಯೇ ಎಂದು ಕೇಳಿದರೆ ಬರುತ್ತದೆ ಎಂಬ ಉತ್ತರವೇ ಸಿಗುತ್ತದೆ. ಆ ಉತ್ತರ ಸುಳ್ಳಲ್ಲ. ಸಂತೆಯಲ್ಲಿ ಚೌಕಾಸಿ ಮಾಡುವಷ್ಟು, ಗ್ಯಾರೇಜಿಗೆ ಬಂದ ಗಿರಾಕಿಗೆ ಗಾಡಿಯ ದೋಷ ತಿಳಿಸುವಷ್ಟು, ಬಸ್ಸಿನಲ್ಲಿ ಸೀಟಿಗಾಗಿ ಜಗಳವಾಡುವಷ್ಟು ಕನ್ನಡ ನಮ್ಮಲ್ಲಿ ಎಲ್ಲರಿಗೂ ಇದೆ. ಆದರೆ ತಾಲೂಕು ಕಚೇರಿಗೆ ಒಂದು ಅರ್ಜಿ ಬರೆಯಬೇಕಾದಾಗ ಹೊರಗೆ ಕುಳಿತ ಬರಹಗಾರನಿಗೆ ಹಣ ಕೊಡುತ್ತೇವೆ. ನಮ್ಮ ಕುರಿತು ಪತ್ರಿಕೆಯಲ್ಲಿ ತಪ್ಪು ವರದಿ ಬಂದಾಗ ನಾಲ್ಕು ಸಾಲಿನ ಪ್ರತಿಕ್ರಿಯೆ ಬರೆಯಬಲ್ಲವರನ್ನು ಊರೆಲ್ಲ ಹುಡುಕುತ್ತೇವೆ. ಮಾತು ಬಾಯಿಗೆ ಬಂದಿದೆ. ಭಾಷೆ ಮನೆಗೆ ಬಂದಿಲ್ಲ.

2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಉರ್ದುವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 66 ಲಕ್ಷ. ಇವರಲ್ಲದೆ ಕರಾವಳಿಯ ಬ್ಯಾರಿಗಳಿದ್ದಾರೆ, ಭಟ್ಕಳದ ನವಾಯತರಿದ್ದಾರೆ. ಇವರೆಲ್ಲರಿಗೂ ಕನ್ನಡವು ಶಾಲೆಯಲ್ಲಿ ಕೈಹಿಡಿಯುವ ಎರಡನೆಯ ಭಾಷೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಧಾರವಾಡದ ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಎರಡನೆಯ ಭಾಷೆಯಾಗಿ ಕಲಿತೆವೆಂಬುದು ತೊಂದರೆಯಲ್ಲ. ಆ ಭಾಷೆಯನ್ನು ಅದರ ಬದುಕಿನಿಂದ ಕತ್ತರಿಸಿ, ಬರೀ ಪದಗಳ ಗಂಟನ್ನಾಗಿ ಕಲಿಯುತ್ತಿದ್ದೇವೆ ಎಂಬುದೇ ನಮ್ಮ ತಕರಾರು.

ಒಂದು ಉದಾಹರಣೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಉರ್ದುವಿನಲ್ಲಿ ರೊಟ್ಟಿ ಸ್ತ್ರೀಲಿಂಗ, ನೀರು ಪುಲ್ಲಿಂಗ. ಕನ್ನಡದಲ್ಲಿ ಎರಡೂ ನಪುಂಸಕಲಿಂಗ. ಇದು ವ್ಯಾಕರಣ, ಒಳ್ಳೆಯ ಮೇಷ್ಟರು ಒಂದು ವಾರದಲ್ಲಿ ಕಲಿಸಬಲ್ಲರು. ಆದರೆ ಸಂಬಂಧಗಳ ಹೆಸರಿಗೆ ಬನ್ನಿ. ತಂದೆಯ ಅಕ್ಕತಂಗಿಯರು, ಸೋದರಮಾವನ ಹೆಂಡತಿ, ಗಂಡನ ಅಥವಾ ಹೆಂಡತಿಯ ತಾಯಿ - ಕನ್ನಡದಲ್ಲಿ ಇವರೆಲ್ಲ ಅತ್ತೆಯರು. ಉರ್ದುವಿನಲ್ಲಿ ಫೂಫಿ ಬೇರೆ, ಮುಮಾನಿ ಬೇರೆ, ಸಾಸ್ ಬೇರೆ. ಮೂರು ಸಂಬಂಧಗಳಿಗೆ ಒಂದೇ ಪದ ಏಕೆಂದರೆ, ಸೋದರಮಾವನ ಅಥವಾ ಸೋದರತ್ತೆಯ ಮನೆಯಿಂದ ಹೆಣ್ಣು ತರುವ ಪದ್ಧತಿ ಈ ನಾಡಿನ ಅನೇಕ ಸಮುದಾಯಗಳಲ್ಲಿ ಇತ್ತು, ಈಗಲೂ ಇದೆ. ಅತ್ತೆ ಎಂಬ ಪದದೊಳಗೆ ಒಂದು ಮದುವೆಯ ಪದ್ಧತಿಯೇ ಕುಳಿತಿದೆ. ಇನ್ನು ತಾಯಿಯ ತಂಗಿಯನ್ನು ನೋಡಿ. ಆಕೆ ಚಿಕ್ಕಮ್ಮ, ಎಂದರೆ ಅಮ್ಮನೇ. ಆಕೆಯ ಮಗಳು ತಂಗಿ, ಮಾತು ಅಲ್ಲಿಗೆ ಮುಗಿಯಿತು. ನಮ್ಮಲ್ಲಾದರೋ ಖಾಲಾಳ ಮಗಳೊಂದಿಗೆ ವಿವಾಹ ಸಮ್ಮತ. ಹಾಗಿರುವಾಗ ನಮ್ಮ ಹುಡುಗನೊಬ್ಬ ಶಾಲೆಯಲ್ಲಿ ಕಲಿತ ಪದವನ್ನೇ ಬಳಸಿ ಚಿಕ್ಕಮ್ಮನ ಮಗಳೊಂದಿಗೆ ಮದುವೆ ನಿಶ್ಚಯವಾಗಿದೆ ಎಂದರೆ ಕೇಳಿದ ಕನ್ನಡ ಗೆಳೆಯ ಬೆಚ್ಚಿಬೀಳುತ್ತಾನೆ. ಇಲ್ಲಿ ಯಾರದೂ ತಪ್ಪಿಲ್ಲ. ನಿಘಂಟು ಅರ್ಥ ಕೊಟ್ಟಿದೆ, ಬದುಕನ್ನು ಕೊಟ್ಟಿಲ್ಲ. ಆ ಗೆಳೆಯನಿಗೂ ನಮ್ಮ ಮನೆಯ ರೀತಿ ಗೊತ್ತಿಲ್ಲ, ನಮಗೂ ಅವನ ಮನೆಯ ರೀತಿ ಗೊತ್ತಿಲ್ಲ. ನಡುವೆ ಹುಟ್ಟಿದ ಅಪಾರ್ಥಕ್ಕೆ ಆಮೇಲೆ ಧರ್ಮದ ಬಣ್ಣ ಬಳಿಯುವವರು ಸಿದ್ಧರಾಗಿ ನಿಂತಿರುತ್ತಾರೆ.

ಇಂಥವು ಎಷ್ಟೋ ಇವೆ. ಕನ್ನಡದ ಮನೆಗಳಲ್ಲಿ ಹೊರಡುವವನು ಹೋಗುತ್ತೇನೆ ಎನ್ನುವುದಿಲ್ಲ, ಹೋಗಿ ಬರುತ್ತೇನೆ ಎನ್ನುತ್ತಾನೆ. ಎಷ್ಟೋ ಮನೆಗಳಲ್ಲಿ ತಾಯಿಯನ್ನು ನೀನು ಎಂದೇ ಕರೆಯುತ್ತಾರೆ. ಹಿರಿಯರನ್ನು ಆಪ್ ಎಂದು ಕರೆದು ಬೆಳೆದ ಮಗುವಿಗೆ ಅದು ಒರಟಾಗಿ ಕೇಳಿಸೀತು, ಆದರೆ ಅಲ್ಲಿ ಅದು ಅಕ್ಕರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಪ್ರಶ್ನೆಪತ್ರಿಕೆ ಕೇಳುತ್ತದೆ. ಒಂದೇ ನೊಗಕ್ಕೆ ಎತ್ತನ್ನೂ ಕೋಣವನ್ನೂ ಕಟ್ಟಿದರೆ ಬಿಸಿಲು ತಾಳದ ಕೋಣ ಕೆರೆಯ ಕಡೆಗೆ ತಿರುಗುತ್ತದೆ ಎಂದು ನಮ್ಮ ಪಟ್ಟಣದ ಮಗುವಿಗೆ ಹೇಳಿದವರು ಯಾರು? ಅದು ಗೈಡಿನ ಉತ್ತರವನ್ನು ಉರು ಹೊಡೆದು ಅಂಕ ಪಡೆಯುತ್ತದೆ.

ಹೀಗಾಗುವುದೇಕೆ? ಸಂಸ್ಕೃತಿ ಎಂಬ ಪದ ಕೇಳಿದೊಡನೆ ನಮ್ಮ ಹಿರಿಯರಲ್ಲಿ ಕೆಲವರು ಹಿಂಜರಿಯುತ್ತಾರೆ. ವಚನ ಓದಿದರೆ, ದಾಸರ ಪದ ಕೇಳಿದರೆ, ಕುಮಾರವ್ಯಾಸನ ಕತೆ ಅರಿತರೆ ಮಗುವಿನ ವಿಶ್ವಾಸ ಸಡಿಲವಾದೀತು ಎಂಬ ಭಯ ಅದು. ಈ ಭಯವನ್ನು ಲೇವಡಿ ಮಾಡುವ ಉದ್ದೇಶ ನಮಗಿಲ್ಲ. ಮಕ್ಕಳ ಈಮಾನಿನ ಕಾಳಜಿ ಪ್ರತಿ ಹೆತ್ತವರಿಗೂ ಇರಬೇಕು. ಆದರೆ ಇದೇ ಹೆತ್ತವರು ಸಾಲ ಮಾಡಿ ಮಕ್ಕಳನ್ನು ಇಂಗ್ಲಿಷ್ ಕಾನ್ವೆಂಟಿಗೆ ಕಳುಹಿಸುತ್ತಾರಲ್ಲ! ಅಲ್ಲಿ ಮಗು ಕ್ರಿಸ್ಮಸ್ ಹಾಡು ಕಲಿತು ಬಂದರೆ ನೆಂಟರ ಮುಂದೆ ಹಾಡಿಸಿ ಹೆಮ್ಮೆಪಡುತ್ತಾರೆ. ಶೇಕ್ಸ್‌ಪಿಯರನ ನಾಟಕಗಳಲ್ಲಿ ಗ್ರೀಕ್ ಮತ್ತು ರೋಮನ್ ದೇವತೆಗಳ ಹೆಸರು ಬಂದಾಗ ಯಾರ ವಿಶ್ವಾಸಕ್ಕೂ ಕುಂದು ಬರುವುದಿಲ್ಲ. ಕೂಡಲಸಂಗಮದೇವ ಎಂಬ ಅಂಕಿತ ಬಂದಾಗ ಮಾತ್ರ ಕುಂದು ಬರುತ್ತದೆಯೇ? ಒಂದು ಸಮಾಜದ ನಂಬಿಕೆಯನ್ನು ತಿಳಿಯುವುದು ಬೇರೆ, ಅದನ್ನು ಒಪ್ಪುವುದು ಬೇರೆ. ಪ್ರವಾದಿಯವರ ಅಪ್ಪಣೆಯಂತೆ ಝೈದ್ ಬಿನ್ ಸಾಬಿತ್‌ರು ಯಹೂದಿಗಳ ಲಿಪಿಯನ್ನು ಕಲಿತು ಪತ್ರವ್ಯವಹಾರ ನಡೆಸಿದರೆಂಬುದು ನಮ್ಮ ಮಕ್ಕಳಿಗೆ ಮದ್ರಸಾದಲ್ಲೇ ಹೇಳಿಕೊಡುವ ಸಂಗತಿ. ಇತರರ ಭಾಷೆಯನ್ನು ಅವರ ಬರಹದವರೆಗೆ ಹೋಗಿ ಅರಿಯುವುದು ಆ ಪೀಳಿಗೆಗೆ ಅಪಾಯವಾಗಿ ಕಾಣಲಿಲ್ಲ.

ಶಾಲೆಗಳ ಪಾಲೂ ಇದರಲ್ಲಿದೆ. ಎಷ್ಟೋ ಉರ್ದು ಮಾಧ್ಯಮ ಶಾಲೆಗಳಲ್ಲಿ ಕನ್ನಡ ತರಗತಿ ಎಂದರೆ ಪ್ರಶ್ನೋತ್ತರ ಬರೆಸುವ ಗಂಟೆ. ಕತೆ ಹೇಳುವುದಿಲ್ಲ, ನಾಟಕ ಆಡಿಸುವುದಿಲ್ಲ, ಪಕ್ಕದ ಕನ್ನಡ ಶಾಲೆಯ ಮಕ್ಕಳೊಂದಿಗೆ ಬೆರೆಸುವುದಿಲ್ಲ. ಸರಕಾರಕ್ಕೆ ಈ ಶಾಲೆಗಳ ನೆನಪಾಗುವುದು ಫಲಿತಾಂಶ ಕುಸಿದಾಗ ಮಾತ್ರ.

ಇದರ ಫಲವನ್ನು ಉಣ್ಣುತ್ತಿರುವವರು ನಾವೇ. ಕನ್ನಡ ಸಿನಿಮಾಗಳಲ್ಲಿ ಸಾಬರ ಪಾತ್ರ ಬಂದರೆ 'ನಮ್ದುಕೆ, ನಿಮ್ದುಕೆ' ಎಂದು ತೊದಲಿ ಪ್ರೇಕ್ಷಕರನ್ನು ನಗಿಸಬೇಕು, ಅಷ್ಟೇ. ದಶಕಗಳಿಂದ ಈ ಅಪಹಾಸ್ಯ ನಡೆದಿದೆ. ಇದಕ್ಕೆ ಉತ್ತರ ಪ್ರತಿಭಟನೆಯಲ್ಲ. ಆ ಸಿನಿಮಾದ ಸಂಭಾಷಣೆಯನ್ನು ಬರೆಯಬಲ್ಲ ಕೈ ನಮ್ಮ ಮನೆಯಿಂದ ಬರಬೇಕಿತ್ತು.

ಬಂದವರೂ ಇದ್ದಾರೆ. ಶಿಶುನಾಳದ ಷರೀಫರು (1819-1889) ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ಅವರ ಪದಗಳಲ್ಲಿ ನೇಕಾರನ ಮಗ್ಗವಿದೆ, ಸೋರುವ ಮಾಳಿಗೆಯಿದೆ, ಹಳ್ಳಿಯ ದಿನನಿತ್ಯವಿದೆ. ಅದಿಲ್ಲದೆ ಆ ಕನ್ನಡ ಇಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕರ್ಬಲಾದ ಕತೆಯನ್ನು ಹಿಂದೂ-ಮುಸ್ಲಿಮರಿಬ್ಬರೂ ಕನ್ನಡದ ರಿವಾಯತ ಪದಗಳಲ್ಲಿ ಹಾಡುತ್ತಾರೆ. (ಅಲ್ಲಿನ ಕೆಲವು ಆಚರಣೆಗಳ ಕುರಿತು ನಮಗಿರುವ ಭಿನ್ನಾಭಿಪ್ರಾಯ ಬೇರೆ ಮಾತು.) ಮಲೆಯಾಳಂ ಮನೆಮಾತಿನ ಸಾರಾ ಅಬೂಬಕರ್ ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಓದಿ ಕಾದಂಬರಿಕಾರ್ತಿಯಾದರು. ನಿಸಾರ್ ಅಹಮದ್ 2006ರಲ್ಲಿ ಶಿವಮೊಗ್ಗದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಬೊಳುವಾರು ಮಹಮದ್ ಕುಂಞಿ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಉರ್ದು ಮನೆಯ ಬಾನು ಮುಷ್ತಾಕರನ್ನು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡದ್ದು ಆರು ತಿಂಗಳಲ್ಲಿ ಓದು ಬರಹ ಕಲಿಯಬೇಕೆಂಬ ಷರತ್ತಿನ ಮೇಲೆ; ಆ ಹುಡುಗಿಯ ಕನ್ನಡ ಕತೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ಇವರೆಲ್ಲರ ಎಲ್ಲ ನಿಲುವುಗಳಿಗೂ ನಾವು ಸಹಿ ಹಾಕಬೇಕಾಗಿಲ್ಲ. ಆದರೆ ಅವರೊಂದಿಗೆ ಜಗಳವಾಡಬೇಕೆಂದರೂ ಅವರನ್ನು ಓದುವಷ್ಟು ಕನ್ನಡ ಬೇಕಲ್ಲ! ಪುಸ್ತಕವನ್ನು ಮುಟ್ಟದೆಯೇ ಅದರ ಮೇಲೆ ಮುನಿಸಿಕೊಳ್ಳುವವರು ನಮ್ಮಲ್ಲಿ ಕಡಿಮೆಯಿಲ್ಲ.

ಇಷ್ಟು ನಮ್ಮವರಿಗೆ ಹೇಳಿದ ಮೇಲೆ ಆ ಕಡೆಗೂ ಒಂದು ಮಾತು ಹೇಳಲೇಬೇಕು. 2025ರ ಮೈಸೂರು ದಸರಾ ಉದ್ಘಾಟನೆಗೆ ಅದೇ ಬಾನು ಮುಷ್ತಾಕರನ್ನು ಆಹ್ವಾನಿಸಿದಾಗ ಕೆಲವರು ಹೈಕೋರ್ಟಿಗೆ ಹೋದರು, ಅಲ್ಲಿ ಸೋತು ಸುಪ್ರೀಮ್ ಕೋರ್ಟಿಗೂ ಹೋದರು. ಎರಡೂ ಕಡೆ ಅರ್ಜಿ ವಜಾ ಆಯಿತು. ಕನ್ನಡವನ್ನು ದೇವಿಯೆಂದು ಪೂಜಿಸಿದವರಷ್ಟೇ ಕನ್ನಡಿಗರು ಎಂಬ ವಾದವೂ ಆಗ ಕೇಳಿಬಂತು. ಕನ್ನಡ ಕಲಿಯಿರಿ ಎಂದು ದಶಕಗಳ ಕಾಲ ಬುದ್ಧಿ ಹೇಳಿದವರೇ, ಒಬ್ಬಾಕೆ ಕಲಿತು ಆ ಭಾಷೆಯನ್ನು ಜಗತ್ತಿನ ಮುಂದೆ ನಿಲ್ಲಿಸಿದ ಮೇಲೆ ಹೊಸ ಪರೀಕ್ಷೆಯನ್ನು ಮುಂದಿಟ್ಟರೆ, ಅವರ ಆಸಕ್ತಿ ಭಾಷೆಯಲ್ಲಿತ್ತೆಂದು ನಾವು ಹೇಗೆ ನಂಬಬೇಕು? 1994ರ ಅಕ್ಟೋಬರಿನಲ್ಲಿ ದೂರದರ್ಶನದ ಉರ್ದು ವಾರ್ತೆಯ ನೆಪದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ರಕ್ತ ಹರಿದದ್ದು ನಮ್ಮ ಹಿರಿಯರಿಗೆ ನೆನಪಿದೆ. ಭಾಷೆಯನ್ನು ಧರ್ಮದ ಗಡಿಗೋಡೆಯಾಗಿಸಿದವರು ಕನ್ನಡಕ್ಕೆ ಕಲಿಯುವವರನ್ನು ತಂದುಕೊಡಲಿಲ್ಲ, ಬಾಗಿಲಲ್ಲಿ ನಿಂತಿದ್ದವರನ್ನೂ ಓಡಿಸಿದರು.

ಹಾಗೆಂದು ಅವರ ಅಸಹನೆಯನ್ನು ನಮ್ಮ ಸೋಮಾರಿತನಕ್ಕೆ ನೆಪವಾಗಿಸಿಕೊಳ್ಳಲಾಗದು. ಅರ್ಜಿ, ಜಮೀನು, ವಕೀಲ, ತಹಶೀಲ್ದಾರ, ದವಾಖಾನೆ, ಖರ್ಚು - ಕನ್ನಡವು ಅರಬಿ ಮತ್ತು ಫಾರಸಿ ಮೂಲದ ಇಷ್ಟೊಂದು ಪದಗಳನ್ನು ಯಾರ ಮತವನ್ನೂ ಕೇಳದೆ ಒಳಗೆ ಕರೆದುಕೊಂಡಿದೆ. ಮನುಷ್ಯರೂ ಹಾಗೆ ಒಳಗೆ ಹೋಗಬಹುದು, ಉರ್ದುವನ್ನೂ ಬ್ಯಾರಿಯನ್ನೂ ಬಿಟ್ಟುಕೊಡದೆಯೇ.

ಜಮಾಅತ್‌ಗಳ ಆಡಳಿತ ಸಮಿತಿಗಳು ಮದುವೆ ಹಾಲಿಗೆ, ಮಿನಾರಿಗೆ, ಅಮೃತಶಿಲೆಗೆ ಲಕ್ಷಗಟ್ಟಲೆ ತೆಗೆದಿಡುತ್ತವೆ. ಒಂದು ಕಪಾಟು ತುಂಬ ಕನ್ನಡ ಕತೆ ಪುಸ್ತಕಗಳಿಗೆ ಎಷ್ಟಾದೀತು? ನೆರೆಯ ಶಾಲೆಯ ಕನ್ನಡ ಮೇಷ್ಟರನ್ನು ತಿಂಗಳಿಗೊಮ್ಮೆ ಕರೆದು, ನಮ್ಮ ಮಕ್ಕಳನ್ನೂ ಅವರ ಶಾಲೆಯ ಮಕ್ಕಳನ್ನೂ ಒಟ್ಟಿಗೆ ಕೂರಿಸಿ, ಗಾದೆ, ಒಗಟು, ಕತೆ ಹೇಳಿಸುವುದಕ್ಕೆ ಎಷ್ಟಾದೀತು? ಹೆಣ್ಣುಮಕ್ಕಳು ಇಂದು ಕನ್ನಡ ಶಾಲೆಗಳಲ್ಲಿ ಮುಂದಿದ್ದಾರೆ, ಅವರ ತಾಯಂದಿರು ಮಾತ್ರ ಪ್ರಗತಿಪತ್ರದ ಮೇಲೆ ಹೆಬ್ಬೆಟ್ಟು ಒತ್ತುತ್ತಿದ್ದಾರೆ. ಆ ತಾಯಂದಿರಿಗೆ ಮಧ್ಯಾಹ್ನದ ಒಂದು ಗಂಟೆಯ ತರಗತಿ ನಡೆಸಲು ಮಸೀದಿಯ ಪಕ್ಕದ ಖಾಲಿ ಕೋಣೆ ಸಾಲದೇ? ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಓದುವಾಗ ಎದ್ದು ನಿಂತು ಈ ಪ್ರಶ್ನೆಗಳನ್ನು ಕೇಳಿ. ಕನ್ನಡದಲ್ಲೇ ಕೇಳಿ.