ಇಲ್ಲದ ಊರಿನ ಇದ್ದ ರೈಲು

ಬಾಲ್ಯದಲ್ಲಿ ಕಂಡ ಟೀವಿ ಧಾರಾವಾಹಿಯನ್ನು ನೆನೆದು ಹಿಗ್ಗುವವರಿಗೆ ಎದುರಾಗುವ ಮಾತೊಂದಿದೆ: ನೀವು ಹಂಬಲಿಸುವ ಲೋಕ ಎಂದೂ ಇರಲೇ ಇಲ್ಲ. ಅಮೆರಿಕದ ‘ಪೆಟಿಕೋಟ್ ಜಂಕ್ಷನ್’ ಮಟ್ಟಿಗೆ ಇದು ಅರ್ಧಸತ್ಯ. ಊರು ಕಲ್ಪನೆಯದು, ರೈಲು ಅಲ್ಲ.

1963ರಿಂದ 1970ರವರೆಗೆ ಸಿಬಿಎಸ್ ವಾಹಿನಿಯಲ್ಲಿ 222 ಕಂತು ಬಂದ ಹಾಸ್ಯ ಧಾರಾವಾಹಿ ಅದು. ವಿಧವೆ ಕೇಟ್ ಬ್ರ್ಯಾಡ್ಲಿ ಮೂವರು ಹೆಣ್ಣುಮಕ್ಕಳೊಡನೆ ಹಳಿಯ ಪಕ್ಕದಲ್ಲೇ ವಸತಿಗೃಹ ನಡೆಸುತ್ತಾಳೆ. ಮುಖ್ಯ ಮಾರ್ಗದಿಂದ ಕಡಿದುಹೋದ ಕವಲು ಹಳಿಯ ಮೇಲೆ ‘ಕ್ಯಾನನ್‌ಬಾಲ್’ ಎಂಬ ಪುಟ್ಟ ಉಗಿಬಂಡಿ ಓಡುತ್ತದೆ. ಮೀನು ಹಿಡಿಯಬೇಕೆನಿಸಿದರೆ ನಡುದಾರಿಯಲ್ಲಿ ನಿಲ್ಲುತ್ತದೆ. ಈ ನಷ್ಟದ ಬಂಡಿಯನ್ನು ಮುಚ್ಚಿಸಿಯೇ ತೀರುತ್ತೇನೆಂದು ರೈಲ್ವೆ ಕಂಪನಿಯ ಉಪಾಧ್ಯಕ್ಷ ಹೋಮರ್ ಬೆಡ್ಲೋ ಮತ್ತೆ ಮತ್ತೆ ಬರುತ್ತಾನೆ, ಮತ್ತೆ ಮತ್ತೆ ಸೋಲುತ್ತಾನೆ.

ಕತೆಯ ಬೇರು ನಿಜದ ನೆಲದಲ್ಲಿತ್ತು. ಧಾರಾವಾಹಿಯನ್ನು ರೂಪಿಸಿದ ಪಾಲ್ ಹೆನಿಂಗ್ ಅವರ ಪತ್ನಿ ರೂತ್ ಅವರ ಅಜ್ಜ ಅಜ್ಜಿ ಮಿಸೌರಿಯ ಎಲ್ಡನ್‌ನಲ್ಲಿ, ರಾಕ್ ಐಲ್ಯಾಂಡ್ ಕಂಪನಿಯ ಹಳಿಯ ಹತ್ತಿರ, ಇಂಥದೇ ವಸತಿಗೃಹ ನಡೆಸುತ್ತಿದ್ದರು. ಇನ್ನು ಎಂಜಿನ್ನು! ಹೊರಾಂಗಣದಲ್ಲಿ ಓಡಿದ್ದು ಸಿಯೆರ್ರಾ ರೈಲ್ವೆಯ 3ನೇ ನಂಬರಿನದು. 1891ರಲ್ಲಿ ನ್ಯೂಜೆರ್ಸಿಯ ಪ್ಯಾಟರ್‌ಸನ್‌ನ ರೋಜರ್ಸ್ ಕಾರ್ಖಾನೆಯಲ್ಲಿ ತಯಾರಾದದ್ದು. 1952ರ ‘ಹೈ ನೂನ್’ ಚಿತ್ರದಲ್ಲೂ ಅದು ಹೊಗೆಯುಗುಳಿತ್ತು. ಮಗುವೊಂದು ಪರದೆಯ ಮೇಲೆ ಕಂಡದ್ದು ಕಲ್ಲಿದ್ದಲು, ಮರ, ಎಣ್ಣೆ ಸುಟ್ಟು ದುಡಿದ ಒಂದು ಕಾಲದ ಅಸಲಿ ಕಬ್ಬಿಣ.

ಗಂಭೀರವಾಗಿ ಕೇಳಬೇಕಾದ ಆಕ್ಷೇಪವೂ ಇದೆ. ಮೊದಲ ಕಂತು ಬಂದದ್ದು 1963ರ ಸೆಪ್ಟೆಂಬರ್ 24ರಂದು. ಅದಕ್ಕೆ ತಿಂಗಳೂ ತುಂಬದ ಮುನ್ನ, ಆಗಸ್ಟ್ 28ರಂದು, ವಾಷಿಂಗ್ಟನ್ನಿನಲ್ಲಿ ನಾಗರಿಕ ಹಕ್ಕುಗಳ ಮಹಾ ನಡಿಗೆ ನಡೆದಿತ್ತು. ಅದರ ಮುಂದಾಳು ಎ. ಫಿಲಿಪ್ ರ‍್ಯಾಂಡಾಲ್ಫ್ ರೈಲ್ವೆ ಕಾರ್ಮಿಕರ ಸಂಘಟನೆಯಿಂದಲೇ ಬಂದ ನಾಯಕ: ಸ್ಲೀಪರ್ ಬೋಗಿಗಳಲ್ಲಿ ದುಡಿಯುತ್ತಿದ್ದ ಕಪ್ಪು ವರ್ಣೀಯ ಪೋರ್ಟರುಗಳಿಗೆ 1925ರಲ್ಲಿ ಸಂಘ ಕಟ್ಟಿದವರು. ಧಾರಾವಾಹಿಯ ಮುಖ್ಯ ಪಾತ್ರಗಳಲ್ಲಿ ಕಪ್ಪು ವರ್ಣೀಯರು ಒಬ್ಬರೂ ಇಲ್ಲ. ಈ ಕೊರತೆಯನ್ನು ಯಾವ ಅಕ್ಕರೆಯೂ ಮುಚ್ಚಬಾರದು.

ಆದರೆ ಅಕ್ಕರೆಯೇ ಸುಳ್ಳೆನ್ನುವುದು ಬೇರೆ ಮಾತು. ಮಕ್ಕಳು ಮನಸೋತದ್ದು ಯಾರದೋ ಗೈರುಹಾಜರಿಗಲ್ಲ, ತಮ್ಮೂರಿನವರಿಗಾಗಿ ಕಾಯುವ ರೈಲಿಗೆ. ಬರೀ ನಗೆಯಾಟ, ಅದಕ್ಕೇಕೆ ಇಷ್ಟು ಚರ್ಚೆ ಎನ್ನುವವರು ಬೆಡ್ಲೋನನ್ನು ಸರಿಯಾಗಿ ನೋಡಿಲ್ಲ.

ಅವನು ಪರದೆಯ ಮೇಲೆ ಸೋಲುತ್ತಿದ್ದಾಗ ಹೊರಗೆ ಗೆಲ್ಲುತ್ತಿದ್ದ. 1960ರ ಹೊತ್ತಿಗೇ ಅಮೆರಿಕದ ಮುಖ್ಯ ಮಾರ್ಗಗಳಿಂದ ಉಗಿಬಂಡಿ ಬಹುತೇಕ ಮಾಯವಾಗಿತ್ತು. 1967ರಲ್ಲಿ ಅಂಚೆ ಇಲಾಖೆ ಹಲವು ರೈಲುಗಳಿಂದ ಟಪಾಲು ಕಿತ್ತುಕೊಂಡಿತು. ಆ ವರಮಾನ ಹೋದದ್ದೇ ಎಷ್ಟೋ ಪ್ರಯಾಣಿಕ ರೈಲುಗಳು ನಿಂತವು. 1971ರ ಮೇ 1ರಂದು ಆಮ್‌ಟ್ರ್ಯಾಕ್ ಶುರುವಾದಾಗ ಉಳಿದವುಗಳಲ್ಲಿ ಸುಮಾರು ಅರ್ಧ ರದ್ದಾದವು. ಲಾಭವಿಲ್ಲದ ಹಳಿ ಯಾರಿಗೆ ಬೇಕು ಎಂಬ ಪ್ರಶ್ನೆಯನ್ನು ದೊಡ್ಡವರು ಲೆಕ್ಕದ ಪುಸ್ತಕದಲ್ಲಿ ಮುಗಿಸಿಬಿಟ್ಟರು. ಆ ಹಳಿಯ ತುದಿಯಲ್ಲೂ ಮನುಷ್ಯರಿದ್ದಾರೆಂದು ವಾರವಾರವೂ ಕೇಳಿಸಿಕೊಂಡವರು ಮಕ್ಕಳು.

ಎಲ್ಡನ್‌ನ ಕತೆಗೆ ಹಳಿ ಕೊಟ್ಟ ರಾಕ್ ಐಲ್ಯಾಂಡ್ ಕಂಪನಿ 1980ರಲ್ಲಿ ಮುಚ್ಚಿತು. 3ನೇ ನಂಬರಿನ ಎಂಜಿನ್ನು ದೇಣಿಗೆಯ ನೆರವಿನಿಂದ ದುರಸ್ತಿಯಾಗಿ 2010ರಲ್ಲಿ ಮತ್ತೆ ಉಗಿ ಎಬ್ಬಿಸಿತು. ಕ್ಯಾಲಿಫೋರ್ನಿಯಾದ ಜೇಮ್ಸ್‌ಟೌನ್‌ನಲ್ಲಿ ಅದನ್ನು ಕಾಪಾಡಿಕೊಂಡು ಬಂದಿದ್ದಾರೆ.